ಇಪ್ಪತ್ನಾಲ್ಕು ಪ್ರಶ್ನೆಗಳಲ್ಲಿ ಒಂದು ದೇಶ

ಒಂದು ದೇಶ ತನ್ನನ್ನು ಹೊರಗಿನವರಿಗೆ ಪರಿಚಯಿಸಿಕೊಳ್ಳಲು ಪುಸ್ತಕ ಬರೆದರೆ ಅದರಲ್ಲಿ ಆ ದೇಶದ ಚರಿತ್ರೆಗಿಂತ ಹೆಚ್ಚಾಗಿ ಅದರ ಮನಸ್ಸು ಕಾಣಿಸುತ್ತದೆ. ಬೀಗರು ಬರುವ ದಿನ ಯಾವ ಪಾತ್ರೆ ಹೊರಗೆ ಬಂತು, ಯಾವುದು ಅಟ್ಟಕ್ಕೆ ಹೋಯಿತು ಎಂಬುದರಿಂದ ಆ ಮನೆಯವರ ಸ್ವಭಾವ ಗೊತ್ತಾಗುವುದಿಲ್ಲವೆ, ಹಾಗೆ. ಬ್ರಿಟನ್ನಿನ ಗೃಹ ಇಲಾಖೆ ಹೊರತಂದಿರುವ 'ಲೈಫ್ ಇನ್ ದಿ ಯುನೈಟೆಡ್ ಕಿಂಗ್‌ಡಮ್: ಎ ಗೈಡ್ ಫಾರ್ ನ್ಯೂ ರೆಸಿಡೆಂಟ್ಸ್' ಎಂಬ ಕೈಪಿಡಿಯನ್ನು ಈ ದೃಷ್ಟಿಯಿಂದ ಓದಬಹುದು. ಆ ದೇಶದಲ್ಲಿ ಕಾಯಂ ಆಗಿ ನೆಲೆಸಬಯಸುವವರು, ಅಲ್ಲಿನ ಪೌರತ್ವ ಬೇಡುವವರು ಓದಿ ಪರೀಕ್ಷೆ ಬರೆಯಬೇಕಾದ ಪುಸ್ತಕ ಇದು. ಈಗ ಬಳಕೆಯಲ್ಲಿರುವ ಮೂರನೆಯ ಆವೃತ್ತಿ ಬಂದದ್ದು 2013ರಲ್ಲಿ. ಅಲ್ಲಿಂದ ಈಚೆಗೆ ಸಣ್ಣಪುಟ್ಟ ತಿದ್ದುಪಡಿಗಳಾಗಿವೆ, ಅಷ್ಟೆ.

ಪರೀಕ್ಷೆಯ ಕ್ರಮ ಸರಳವಾಗಿದೆ. ಐವತ್ತು ಪೌಂಡ್ ಶುಲ್ಕ ಕಟ್ಟಿ ಕಂಪ್ಯೂಟರಿನ ಮುಂದೆ ಕೂರಬೇಕು. 45 ನಿಮಿಷ, 24 ಪ್ರಶ್ನೆ. ಕನಿಷ್ಠ 18 ಉತ್ತರ ಸರಿಯಿರಬೇಕು. ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯಬೇಕಾಗಿಲ್ಲ, ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಿದರೆ ಸಾಕು. ನಪಾಸಾದರೆ ಏಳು ದಿನ ಕಳೆದ ಮೇಲೆ ಮತ್ತೆ ಹಣ ಕಟ್ಟಿ ಕೂರಬಹುದು, ಎಷ್ಟು ಸಲ ಬೇಕಾದರೂ. ಪಾಸಾದ ಮೇಲೆ ಪೌರತ್ವದ ಅರ್ಜಿಗೆ 1,500 ಪೌಂಡಿಗೂ ಹೆಚ್ಚು ಬೇರೆ ತೆರಬೇಕು. ಕೊನೆಗೆ ಪುರಭವನದಲ್ಲೋ ನೋಂದಣಿ ಕಚೇರಿಯಲ್ಲೋ ನಡೆಯುವ ಸಮಾರಂಭದಲ್ಲಿ ದೊರೆಗೆ ನಿಷ್ಠೆಯ ಪ್ರಮಾಣ. ನಮ್ಮ ದೇಶ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಆದ್ದರಿಂದ ಅಲ್ಲಿ ಪ್ರಮಾಣ ತೆಗೆದುಕೊಂಡ ಬೆಂಗಳೂರಿನವನೋ ಮಂಗಳೂರಿನವಳೋ ಭಾರತದ ಪಾಸ್‌ಪೋರ್ಟನ್ನು ಹಿಂದಿರುಗಿಸಬೇಕಾಗುತ್ತದೆ. ಹೀಗೆ ಆ 24 ಪ್ರಶ್ನೆಗಳ ಮುಂದೆ ಕುಳಿತವರು ಕೈಯಲ್ಲಿರುವುದನ್ನು ಬಿಡುವುದಕ್ಕೂ ಸಿದ್ಧರಾಗಿ ಕುಳಿತಿರುತ್ತಾರೆ. ಅವರ ಎದುರಿಗೆ ಇಟ್ಟಿರುವುದು ಎಂಥ ಪುಸ್ತಕ ಎಂದು ಕೇಳುವುದು ಆದ್ದರಿಂದ ಅನಗತ್ಯವಾದ ತಕರಾರಲ್ಲ.

ಈ ಪರೀಕ್ಷೆ ಹುಟ್ಟಿದ ಸಂದರ್ಭವನ್ನು ಮೊದಲು ನೋಡಬೇಕು. 2001ರ ಮೇ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಉತ್ತರ ಇಂಗ್ಲೆಂಡಿನ ಓಲ್ಡ್‌ಹ್ಯಾಮ್, ಬರ್ನ್‌ಲಿ ಮತ್ತು ಬ್ರಾಡ್‌ಫರ್ಡ್ ಪಟ್ಟಣಗಳಲ್ಲಿ ಗಲಭೆಗಳಾದವು. ಬಿಳಿಯ ಬಲಪಂಥೀಯ ಗುಂಪುಗಳ ಪ್ರಚೋದನೆ, ಪೊಲೀಸರ ಬಗೆಗಿನ ಸಿಟ್ಟು, ನಿರುದ್ಯೋಗ ಎಲ್ಲವೂ ಸೇರಿ ಪಾಕಿಸ್ತಾನಿ ಮತ್ತು ಬಂಗಾಳಿ ಮೂಲದ ಯುವಕರು ಬೀದಿಗೆ ಇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಟೆಡ್ ಕ್ಯಾಂಟಲ್ ಅವರ ವರದಿ ಬಂತು. ಒಂದೇ ಊರಿನ ಜನ ಎಲ್ಲೂ ಸಂಧಿಸದೆ ಅಕ್ಕಪಕ್ಕದ ಹಳಿಗಳಂತೆ ಬದುಕುತ್ತಿದ್ದಾರೆ ಎಂಬುದು ಅದರ ತಾತ್ಪರ್ಯ. 2002ರಲ್ಲಿ ಬಂದ ಕಾನೂನು ಪೌರತ್ವಕ್ಕೆ ಬ್ರಿಟಿಷ್ ಜೀವನದ ತಿಳುವಳಿಕೆಯನ್ನು ಷರತ್ತಾಗಿಸಿತು. ಇದರಲ್ಲಿ ಒಂದು ತಮಾಷೆಯಿದೆ. ಬೀದಿಗಿಳಿದ ಆ ಹುಡುಗರಲ್ಲಿ ಬಹುಪಾಲು ಬ್ರಿಟನ್ನಿನಲ್ಲೇ ಹುಟ್ಟಿ, ಅಲ್ಲಿನ ಸರ್ಕಾರಿ ಶಾಲೆಗಳಲ್ಲೇ ಓದಿದವರು. ಗಲಾಟೆ ಮಾಡಿದವರು ಮನೆಮಕ್ಕಳು. ಪರೀಕ್ಷೆ ಇಟ್ಟದ್ದು ಇನ್ನು ಮುಂದೆ ಬರಲಿರುವ ಸೊಸೆಯಂದಿರಿಗೆ, ಅಳಿಯಂದಿರಿಗೆ.

ಪರೀಕ್ಷೆಯ ಹೊಣೆ ಹೊತ್ತ ಸಮಿತಿಗೆ ಅಧ್ಯಕ್ಷರಾಗಿದ್ದವರು ಬರ್ನಾರ್ಡ್ ಕ್ರಿಕ್. ರಾಜ್ಯಶಾಸ್ತ್ರದ ಪ್ರಾಧ್ಯಾಪಕರು, ಜಾರ್ಜ್ ಆರ್ವೆಲ್ಲನ ಜೀವನಚರಿತ್ರೆ ಬರೆದವರು. ಅವರ ಕಾಲದ ಕೈಪಿಡಿ ಮೊದಲು ಪ್ರಕಟವಾದದ್ದು 2004ರ ಡಿಸೆಂಬರಿನಲ್ಲಿ. ಪರೀಕ್ಷೆ ಆರಂಭವಾದದ್ದು 2005ರ ನವೆಂಬರ್ 1ರಂದು. ಆ ಪುಸ್ತಕದಲ್ಲೂ ಇತಿಹಾಸದ ಅಧ್ಯಾಯ ಇತ್ತು, ಆದರೆ ಅದರಿಂದ ಪ್ರಶ್ನೆ ಕೇಳುತ್ತಿರಲಿಲ್ಲ. ಡಾಕ್ಟರ ಬಳಿ ಹೆಸರು ನೋಂದಾಯಿಸುವುದು, ಮಗುವನ್ನು ಶಾಲೆಗೆ ಸೇರಿಸುವುದು, ಬಾಡಿಗೆ ಕರಾರು, ಕೂಲಿ, ನೀರಿನ ಬಿಲ್ಲು — ಇಂಥವೇ ಮುಖ್ಯವಾಗಿದ್ದವು. ಅದಕ್ಕಿಂತ ಮುಖ್ಯವಾದದ್ದು, ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಇನ್ನೊಂದು ದಾರಿ ಇತ್ತು. ಅವರು ಪರೀಕ್ಷೆಗೆ ಕೂರುವ ಬದಲು ಭಾಷೆಯನ್ನೂ ನಾಗರಿಕ ಜೀವನವನ್ನೂ ಒಟ್ಟಿಗೆ ಕಲಿಸುವ ತರಗತಿಗೆ ಸೇರಿ, ಇದ್ದ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲೇರಿದರೆ ಸಾಕಾಗಿತ್ತು. 2013ರಲ್ಲಿ ಎರಡೂ ಬದಲಾದವು. ನೀರಿನ ಮೀಟರು, ರೈಲಿನ ವೇಳಾಪಟ್ಟಿ ಮುಂತಾದ ಕ್ಷುಲ್ಲಕ ಸಂಗತಿಗಳನ್ನು ತೆಗೆದುಹಾಕಿ ಇತಿಹಾಸ, ಸಂಸ್ಕೃತಿಗೆ ಪಟ್ಟ ಕಟ್ಟಿದ್ದೇವೆಂದು ಅಂದಿನ ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ತರಗತಿಯ ದಾರಿಯನ್ನೂ ಮುಚ್ಚಲಾಯಿತು.

ನೀರಿನ ಬಿಲ್ಲು ಕ್ಷುಲ್ಲಕವೆ? ಬಾಡಿಗೆಮನೆಯಲ್ಲಿ ಸಂಸಾರ ಹೂಡಿದ ಯಾರನ್ನಾದರೂ ಕೇಳಿ ನೋಡಬಹುದು. ಡರಮ್ ವಿಶ್ವವಿದ್ಯಾಲಯದ ಥಾಮ್ ಬ್ರೂಕ್ಸ್ 2013ರಲ್ಲಿ ಈ ಕೈಪಿಡಿಯನ್ನು ಸಾಲುಸಾಲಾಗಿ ತಪಾಸಣೆ ಮಾಡಿದರು. ಅವರು ಅಮೆರಿಕದಿಂದ ಬಂದು, ಸ್ವತಃ ಇದೇ ಪರೀಕ್ಷೆ ಬರೆದು ಪೌರತ್ವ ಪಡೆದವರು. ಪುಸ್ತಕದಲ್ಲಿ ಸುಮಾರು ಮೂರು ಸಾವಿರ ಸಂಗತಿಗಳೂ 278 ಇಸವಿಗಳೂ ಇವೆಯೆಂದು ಅವರ ಲೆಕ್ಕ. ಲಂಡನ್ ಐ ಎಂಬ ದೊಡ್ಡ ತಿರುಗುಚಕ್ರದ ಎತ್ತರ 135 ಮೀಟರ್ ಎಂದು ತಿಳಿದಿರಬೇಕು. ಆಂಬುಲೆನ್ಸ್ ಕರೆಯುವುದು ಹೇಗೆಂದು ತಿಳಿದಿರಬೇಕಾಗಿಲ್ಲ. ಪಡಖಾನೆಯಲ್ಲಿ ಕುಡಿಯುತ್ತಾ ಆಡುವ ರಸಪ್ರಶ್ನೆಗೂ ಇದಕ್ಕೂ ವ್ಯತ್ಯಾಸವಿಲ್ಲ ಎಂಬರ್ಥದಲ್ಲಿ ಬ್ರೂಕ್ಸ್ ಟೀಕಿಸಿದರು. 2022ರಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯ ಸಮಿತಿಯೊಂದೂ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂತು.

ಉರ್ದುವಿನಲ್ಲಿ 'ತಾರೀಖ್' ಎಂಬ ಪದಕ್ಕೆ ಎರಡು ಅರ್ಥ. ದಿನಾಂಕ ಒಂದು, ಇತಿಹಾಸ ಇನ್ನೊಂದು. ಕನ್ನಡಕ್ಕೆ ಬರುವಾಗ ಈ ಪದ ಇತಿಹಾಸವನ್ನು ಗಡಿಯಾಚೆ ಬಿಟ್ಟು ದಿನಾಂಕವನ್ನಷ್ಟೇ ಹೊತ್ತು 'ತಾರೀಖು' ಆಯಿತು. ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಶಾಲೆಯಲ್ಲೂ ಓದಿದ ನನ್ನಂಥವರಿಗೆ ಈ ವ್ಯತ್ಯಾಸ ಚಿಕ್ಕಂದಿನಿಂದ ಪರಿಚಿತ. ಬ್ರಿಟನ್ನಿನ ಕೈಪಿಡಿ ಮಾಡಿರುವುದೂ ಅದನ್ನೇ. ಅದು ಇತಿಹಾಸ ಕಲಿಸುತ್ತೇನೆಂದು ಹೊರಟು ತಾರೀಖು ಕಲಿಸುತ್ತದೆ. 1066ರ ಹೇಸ್ಟಿಂಗ್ಸ್ ಯುದ್ಧ, 1215ರ ಮ್ಯಾಗ್ನಾ ಕಾರ್ಟಾ, ಎಂಟನೆಯ ಹೆನ್ರಿಯ ಆರು ಹೆಂಡಿರು. ರಾಜನ ಅಧಿಕಾರಕ್ಕೆ ಕಾಗದದ ಮೇಲೆ ಮಿತಿ ಹಾಕಿಸಿದ್ದು ದೊಡ್ಡ ಸಂಗತಿಯೇ. ಆದರೆ ಅದರಿಂದ ಇವತ್ತು ಬರ್ಮಿಂಗ್‌ಹ್ಯಾಮಿನ ಟ್ಯಾಕ್ಸಿ ಚಾಲಕನಿಗೆ ಪೊಲೀಸ್ ಠಾಣೆಯಲ್ಲಿ ಯಾವ ರಕ್ಷಣೆ ಸಿಗುತ್ತದೆ ಎಂಬ ಕೊಂಡಿಯನ್ನು ಓದುಗನೇ ಹುಡುಕಿಕೊಳ್ಳಬೇಕು. ಪ್ರಶ್ನೆಗೆ ಬೇಕಾದದ್ದು ಇಸವಿ ಮಾತ್ರ.

ನನ್ನ ಬಂಧುವೊಬ್ಬರ ಸೊಸೆ ಲೆಸ್ಟರಿನಲ್ಲಿ ಈ ಪರೀಕ್ಷೆ ಬರೆದಳು. ಊರಿಗೆ ಬಂದಿದ್ದಾಗ ಅವಳ ಪುಸ್ತಕ ನೋಡಿದೆ. ಅಂಚುಗಳಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಉರ್ದು ಅಕ್ಷರಗಳು. ಹೆನ್ರಿಯ ಹೆಂಡಿರ ಹೆಸರುಗಳನ್ನು ಅವಳು ಮಗ್ಗಿಯಂತೆ ರಾಗವಾಗಿ ಒಪ್ಪಿಸಿದಳು. ಯಾರಿಗೆ ತಲಾಖ್ ಆಯಿತು, ಯಾರ ತಲೆ ಹೋಯಿತು ಎಂದು ಅವಳ ಅತ್ತೆ ಬಾಯಿಮೇಲೆ ಕೈಯಿಟ್ಟುಕೊಂಡು ಕೇಳಿದರು. ಇದೆಲ್ಲ ನೆನಪಿದೆಯಲ್ಲ, ಅಲ್ಲಿ ಪಕ್ಕದ ಮನೆಯವರ ಜೊತೆ ಇದರ ಬಗ್ಗೆ ಮಾತಾಡ್ತೀಯಾ ಎಂದು ಕೇಳಿದೆ. 'ಅವರಿಗೆ ಗೊತ್ತಿಲ್ಲ ಚಾಚಾ. ಅವರು ಅಲ್ಲೇ ಹುಟ್ಟಿದವರಲ್ವಾ' ಎಂದಳು.

ಅವಳ ಮಾತು ತಮಾಷೆಯದಾದರೂ ಸುಳ್ಳಲ್ಲ. 2012ರ ಸೆಪ್ಟೆಂಬರಿನಲ್ಲಿ ಅಂದಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಅಮೆರಿಕದ ಟಿವಿ ಕಾರ್ಯಕ್ರಮವೊಂದಕ್ಕೆ ಹೋಗಿದ್ದರು. ಮ್ಯಾಗ್ನಾ ಕಾರ್ಟಾ ಎಂಬುದರ ಪದಶಃ ಅರ್ಥ ಏನೆಂದು ಕೇಳಿದಾಗ ಅವರಿಗೆ ಹೇಳಲಾಗಲಿಲ್ಲ. 'ರೂಲ್ ಬ್ರಿಟಾನಿಯಾ' ಹಾಡಿಗೆ ರಾಗ ಹಾಕಿದವರು ಯಾರೆಂಬುದಕ್ಕೂ ತಪ್ಪು ಹೆಸರು ಹೇಳಿದರು. ಇದಾದ ಕೆಲವೇ ತಿಂಗಳಿಗೆ ಅವರದೇ ಸರ್ಕಾರ ಇತಿಹಾಸದ ಹೊಸ ಪರೀಕ್ಷೆ ತಂದಿತು. ಕ್ಯಾಮರಾನ್ ಅವರ ಬ್ರಿಟಿಷ್‌ತನವನ್ನು ಇದರಿಂದ ಯಾರೂ ಶಂಕಿಸಲಿಲ್ಲ, ಶಂಕಿಸಬೇಕಾಗಿಯೂ ಇಲ್ಲ. ಹುಟ್ಟಿನಿಂದ ಬಂದವರಿಗೆ ಮರೆಯುವ ಹಕ್ಕಿದೆ. ಹೊರಗಿನಿಂದ ಬಂದವರಿಗೆ ಆ ಹಕ್ಕಿಲ್ಲ. ಇಮ್ತಿಹಾನ್ ಎಂಬ ಉರ್ದು ಮಾತಿನಲ್ಲಿ ಶಾಲೆಯ ಪರೀಕ್ಷೆಯೂ ಬದುಕಿನ ಅಗ್ನಿಪರೀಕ್ಷೆಯೂ ಸೇರಿಕೊಂಡಿರುವುದು ಸುಮ್ಮನೆ ಅಲ್ಲ.

ಇನ್ನು ಪುಸ್ತಕದಲ್ಲಿ ಏನು ಬಂದಿದೆ, ಹೇಗೆ ಬಂದಿದೆ ಎಂಬುದಕ್ಕೆ ಒಂದು ಉದಾಹರಣೆ. ನಮ್ಮವರು ಕುತೂಹಲದಿಂದ ನೋಡುವ ಹೆಸರು ಅಲ್ಲಿ ಒಂದಿದೆ: ಸೇಕ್ ಡೀನ್ ಮಹೊಮೆಟ್. ನಮ್ಮ ಬಾಯಲ್ಲಿ ಹೇಳುವುದಾದರೆ ಶೇಖ್ ದೀನ್ ಮುಹಮ್ಮದ್. 1759ರಲ್ಲಿ ಪಟ್ನಾದಲ್ಲಿ ಹುಟ್ಟಿ 1851ರಲ್ಲಿ ಬ್ರೈಟನ್ನಿನಲ್ಲಿ ತೀರಿಕೊಂಡವನು. ಕಂಪನಿಯ ಬಂಗಾಳ ಸೈನ್ಯದಲ್ಲಿದ್ದು, ತನ್ನ ಮೇಲಧಿಕಾರಿಯೊಂದಿಗೆ ಐರ್ಲೆಂಡಿಗೆ ಹೋಗಿ ನೆಲೆಸಿದ. ಜೇನ್ ಡಾಲಿ ಎಂಬ ಐರಿಶ್ ಹುಡುಗಿಯೊಂದಿಗೆ 1786ರಲ್ಲಿ ಓಡಿಹೋಗಿ ಮದುವೆಯಾದ. 1810ರಲ್ಲಿ ಲಂಡನ್ನಿನ ಜಾರ್ಜ್ ಸ್ಟ್ರೀಟಿನಲ್ಲಿ ಹಿಂದೂಸ್ತಾನಿ ಅಡುಗೆಯ ಮೊದಲ ಹೋಟೆಲು ತೆರೆದ. ಶ್ಯಾಂಪೂ ಎಂದರೆ ಮಾಲೀಸು, ನಮ್ಮ ಚಂಪಿ. ಅದನ್ನು ಬ್ರಿಟನ್ನಿಗೆ ಪರಿಚಯಿಸಿದ. ಕೈಪಿಡಿ ಇಷ್ಟನ್ನು ಹೇಳುತ್ತದೆ. ಅವನ ಹುಟ್ಟು, ಮದುವೆ, ಹೋಟೆಲುಗಳ ಇಸವಿಗಳನ್ನೂ ಕೊಡುತ್ತದೆ.

ಬಿಟ್ಟದ್ದು ಏನು? ಅವನು ಲೇಖಕ ಎಂಬುದನ್ನು. 1794ರಲ್ಲಿ ಕಾರ್ಕ್ ಪಟ್ಟಣದಲ್ಲಿ ಅವನ ಪ್ರವಾಸಗಳ ಪುಸ್ತಕ ಅಚ್ಚಾಯಿತು. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವೆಂದು ಅದಕ್ಕೆ ಹೆಸರಿದೆ. ಬ್ರಿಟಿಷರು ಭಾರತದ ಬಗ್ಗೆ ಬರೆಯುತ್ತಿದ್ದ ಕಾಲದಲ್ಲಿ, ಬ್ರಿಟಿಷ್ ಓದುಗರಿಗೆ ತನ್ನ ದೇಶವನ್ನು ತಾನೇ ವಿವರಿಸಲು ಮುಂದಾದ ಮನುಷ್ಯ ಅವನು. ಆ ಹೋಟೆಲು ಎರಡು ವರ್ಷದೊಳಗೆ ನಷ್ಟಕ್ಕೆ ಬಿದ್ದು ಅವನು ದಿವಾಳಿಯಾದದ್ದೂ ಕೈಪಿಡಿಯಲ್ಲಿಲ್ಲ. ಆಮೇಲೆ ಬ್ರೈಟನ್ನಿನ ಸಮುದ್ರತೀರದಲ್ಲಿ ಹಬೆಸ್ನಾನದ ಕೊಠಡಿ ತೆರೆದು ಬದುಕು ಮತ್ತೆ ಕಟ್ಟಿಕೊಂಡ. ಇಬ್ಬರು ದೊರೆಗಳು ಅವನ ಮಾಲೀಸಿಗೆ ಮೈಯೊಡ್ಡಿದರು. ಸೋತು, ಎದ್ದು, ಬರೆದು, ಪ್ರೀತಿಸಿ ಬದುಕಿದ ಈ ಪೂರ್ತಿ ಮನುಷ್ಯನಲ್ಲಿ ಕೈಪಿಡಿಗೆ ಬೇಕಾದದ್ದು ಎರಡು: ಅಡುಗೆ ಮತ್ತು ತಲೆ ತಿಕ್ಕುವುದು. ವಲಸೆಗಾರ ದೇಶಕ್ಕೆ ರುಚಿ ಕೊಡಬಹುದು, ಆರಾಮ ಕೊಡಬಹುದು. ವಿಚಾರ ಕೊಟ್ಟರೆ ಅದಕ್ಕೆ ಜಾಗವಿಲ್ಲ. ಬಿರಿಯಾನಿ ಹೊಗಳಿ ಬಿರಿಯಾನಿ ಮಾಡಿದವನಿಗೆ ಬಾಡಿಗೆಮನೆ ಕೊಡದ ಊರುಗಳನ್ನು ನೋಡಿರುವ ನಮಗೆ ಈ ತರ್ಕ ಹೊಸದೇನಲ್ಲ.

ಇನ್ನೊಂದು ಎಳೆಯನ್ನು ಹಿಡಿದು ನೋಡೋಣ. ಕೈಗಾರಿಕಾ ಕ್ರಾಂತಿಯ ಭಾಗದಲ್ಲಿ ರಿಚರ್ಡ್ ಆರ್ಕ್‌ರೈಟ್ ಬರುತ್ತಾನೆ. ನೂಲುವ ಯಂತ್ರಗಳನ್ನು ಸುಧಾರಿಸಿ ಗಿರಣಿ ಕಟ್ಟಿದ ಜಾಣ. ಅವನ ಬಗ್ಗೆ ಕೈಪಿಡಿಗೆ ಸಹಜವಾದ ಅಭಿಮಾನವಿದೆ. ಬಹಳ ಪುಟಗಳಾದ ಮೇಲೆ, ಎರಡನೆಯ ಮಹಾಯುದ್ಧದ ನಂತರ ಕೆಲಸಗಾರರ ಅಭಾವವಾಗಿ ಉತ್ತರ ಇಂಗ್ಲೆಂಡಿನ ಬಟ್ಟೆ ಗಿರಣಿಗಳು ಭಾರತ, ಪಾಕಿಸ್ತಾನಗಳಿಗೆ ಏಜೆಂಟರನ್ನು ಕಳಿಸಿ ಆಳುಗಳನ್ನು ಕರೆಸಿಕೊಂಡವು ಎಂಬ ವಿವರ ಬರುತ್ತದೆ. ಇದನ್ನು ಹೇಳಿದ್ದಕ್ಕೆ ಮೆಚ್ಚಬೇಕು. ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇರುವ ದಾರ ಕತ್ತರಿಸಿಹೋಗಿದೆ. ಲ್ಯಾಂಕಶೈರಿನ ಗಿರಣಿ ಬಟ್ಟೆ ಬಂಗಾಳದ ನೇಕಾರರ ಮಗ್ಗಗಳನ್ನು ಮೂಲೆಗೆ ಸೇರಿಸಿದ ಕತೆ ಎಲ್ಲೂ ಇಲ್ಲ. ಅದು ಇದ್ದಿದ್ದರೆ, ಢಾಕಾದ ನೇಕಾರನನ್ನು ನೆಲಕಚ್ಚಿಸಿದ ಗಿರಣಿಗೇ ನೂರೈವತ್ತು ವರ್ಷಗಳ ನಂತರ ಅದೇ ಸೀಮೆಯ ಹುಡುಗ ರಾತ್ರಿ ಪಾಳಿಗೆ ಬಂದ ಎಂಬುದು ಓದುಗನಿಗೆ ಹೊಳೆಯುತ್ತಿತ್ತು. ಮೀರ್‌ಪುರದ ಸಾವಿರಾರು ಸಂಸಾರಗಳು 1960ರ ದಶಕದಲ್ಲಿ ಮಂಗಲಾ ಅಣೆಕಟ್ಟಿಗೆ ಹೊಲಮನೆ ಕಳಕೊಂಡು ಬ್ರಾಡ್‌ಫರ್ಡಿನ ದಾರಿ ಹಿಡಿದದ್ದೂ ಇಲ್ಲಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಬಾಗಲಕೋಟೆಯ ಓಣಿಗಳು ಮುಳುಗಿದ್ದನ್ನು ಕಂಡವರಿಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ. 1970-80ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸಕ್ಕೆಂದು ಕರೆಸಿಕೊಂಡವರ ಮಕ್ಕಳು ಕೆಲಸವಿಲ್ಲದ ಊರಿನಲ್ಲಿ ಬೆಳೆದರು. ಓಲ್ಡ್‌ಹ್ಯಾಮ್, ಬರ್ನ್‌ಲಿ, ಬ್ರಾಡ್‌ಫರ್ಡ್ ಮೂರೂ ಬಟ್ಟೆ ಗಿರಣಿಯ ಊರುಗಳು. ಈ ಪರೀಕ್ಷೆ ಹುಟ್ಟಿದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದ ಪುಟವೇ ಪುಸ್ತಕದಲ್ಲಿ ಇಲ್ಲವಾಗಿದೆ.

ಕತೆ ಬರೆಯುವವರಿಗೆ ಕ್ರಿಯಾಪದಗಳ ಮೇಲೆ ಒಂದು ಕಣ್ಣಿರುತ್ತದೆ. ನಮ್ಮ ಸರ್ಕಾರಿ ಕನ್ನಡದಲ್ಲಿ 'ಲಾಯಿತು' ಎಂಬ ಒಂದು ಪ್ರತ್ಯಯವಿದೆ. ಗೋಲಿಬಾರ್ ಮಾಡಲಾಯಿತು, ಗುಡಿಸಲುಗಳನ್ನು ತೆರವುಗೊಳಿಸಲಾಯಿತು. ಮಾಡಿದವರು ಯಾರೆಂದು ಆ ವಾಕ್ಯ ಹೇಳುವುದಿಲ್ಲ. ಸಾಮ್ರಾಜ್ಯದ ಅಂತ್ಯವನ್ನು ವಿವರಿಸುವಾಗ ಬ್ರಿಟಿಷ್ ಕೈಪಿಡಿ ಇದೇ ಶೈಲಿಗೆ ಶರಣಾಗುತ್ತದೆ. ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಲಾಯಿತು, ಬಹುಮಟ್ಟಿಗೆ ಎಲ್ಲವೂ ಶಿಸ್ತಾಗಿ ನಡೆಯಿತು ಎಂಬುದು ಅದರ ನಿರೂಪಣೆ. ಕೇಳಿದವರು ಯಾರು, ಕೇಳಿ ಜೈಲಿಗೆ ಹೋದವರು ಯಾರು, ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಹೇಳಿದವರು ಯಾರು ಎಂಬುದಕ್ಕೆ ಅಲ್ಲಿ ಕರ್ತೃಪದವಿಲ್ಲ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತ 1943ರ ಬಂಗಾಳದ ಕ್ಷಾಮ ಇಲ್ಲ. ವಿಭಜನೆಯ ರೈಲುಗಳಿಲ್ಲ. 2020ರ ಜುಲೈನಲ್ಲಿ 180ಕ್ಕೂ ಹೆಚ್ಚು ಇತಿಹಾಸಕಾರರು ಬಹಿರಂಗ ಪತ್ರ ಬರೆದು ಈ ಅಧ್ಯಾಯವನ್ನು ಸರಿಪಡಿಸುವ ತನಕ ಪರೀಕ್ಷೆಯಿಂದ ತೆಗೆಯಬೇಕೆಂದು ಒತ್ತಾಯಿಸಿದರು. ಗುಲಾಮಗಿರಿಯ ಬಗ್ಗೆ, ಸಾಮ್ರಾಜ್ಯದ ಹಿಂಸೆಯ ಬಗ್ಗೆ ಅದು ಓದುಗರನ್ನು ದಾರಿ ತಪ್ಪಿಸುತ್ತದೆ ಎಂಬುದು ಅವರ ಆಕ್ಷೇಪ. ಸಹಿ ಮಾಡಿದವರಲ್ಲಿ ಬಹುಪಾಲು ಬ್ರಿಟನ್ನಿನ ವಿಶ್ವವಿದ್ಯಾಲಯಗಳವರೇ. ಇದನ್ನು ನಾವು ಗಮನಿಸಬೇಕು. ತಮ್ಮ ದೇಶದ ಪಠ್ಯ ಸುಳ್ಳು ಹೇಳುತ್ತಿದೆಯೆಂದು ತಮ್ಮ ಹೆಸರು ಹಾಕಿ ಹೇಳುವುದೂ ಒಂದು ಬ್ರಿಟಿಷ್ ಸಂಪ್ರದಾಯ. ಕೈಪಿಡಿ ಅದನ್ನು ತನ್ನ ಮೌಲ್ಯಗಳ ಪಟ್ಟಿಗೆ ಸೇರಿಸಿಕೊಂಡಿದ್ದರೆ ಅದರ ಘನತೆ ಹೆಚ್ಚುತ್ತಿತ್ತು.

ಕೈಪಿಡಿಗೆ ಅನ್ಯಾಯವಾಗಬಾರದು. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಬ್ರಿಟನ್ನಿನ ಪರವಾಗಿ ಹೋರಾಡಿದ್ದನ್ನು ಅದು ಸ್ಮರಿಸುತ್ತದೆ. 1918ರ ಸೆಪ್ಟೆಂಬರಿನಲ್ಲಿ ಹೈಫಾ ನಗರವನ್ನು ಗೆದ್ದ ಕುದುರೆ ಸವಾರರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರೆಂದು ತಿಳಿದವರಿಗೆ ಆ ಒಂದು ಸಾಲು ಕೂಡ ಸಮಾಧಾನ ತರುತ್ತದೆ. ಈದ್, ದೀಪಾವಳಿ, ವೈಶಾಖಿಗಳ ಪರಿಚಯವಿದೆ. ಹೆಂಗಸರು 1918ರಲ್ಲಿ ಅರ್ಧ, 1928ರಲ್ಲಿ ಪೂರ್ತಿ ಮತದಾನದ ಹಕ್ಕು ಪಡೆದದ್ದು ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಹೆಂಡತಿಯನ್ನು ಹೊಡೆಯುವುದು ಅಪರಾಧ, ಒತ್ತಾಯದ ಮದುವೆ ಅಪರಾಧ, ಹೆಣ್ಣಿನ ಅಂಗಛೇದನ ಅಪರಾಧ ಎಂದು ಸ್ಪಷ್ಟವಾಗಿ ಬರೆದಿದೆ. ಸಿಲ್ಹೆಟ್ಟಿನ ಹಳ್ಳಿಯಿಂದ ಗಂಡನ ಹಿಂದೆ ಬಂದು ಬಾಗಿಲು ಹಾಕಿದ ಮನೆಯಲ್ಲಿ ಬದುಕುವ ಹೆಣ್ಣುಮಗಳಿಗೆ ಈ ಒಂದು ಪುಟ ಉಳಿದ ಪುಸ್ತಕವೆಲ್ಲ ಸೇರಿದ್ದಕ್ಕಿಂತ ಬೆಲೆಯುಳ್ಳದ್ದು. ಇದನ್ನು ನಮ್ಮ ಸಮುದಾಯದ ಮೇಲಿನ ಆರೋಪವೆಂದು ಓದುವವರಿದ್ದಾರೆ. ನಾನು ಹಾಗೆ ಓದಲಾರೆ. ಕಾನೂನು ಗೊತ್ತಾಗುವುದರಿಂದ ಯಾವ ಹೆಣ್ಣಿಗೂ ಕೇಡಾಗಿಲ್ಲ.

ನನ್ನ ತಕರಾರು ಬೇರೆ. ಈ ಪುಟವನ್ನು ಆ ಹೆಣ್ಣಿಗೆ ಮುಟ್ಟಿಸುವ ದಾರಿ ಯಾವುದು? ವಾರಕ್ಕೆರಡು ದಿನ ಮನೆಯಿಂದ ಹೊರಬಿದ್ದು, ಬಸ್ಸು ಹತ್ತಿ, ಹತ್ತಾರು ದೇಶಗಳ ಹೆಂಗಸರ ಜೊತೆ ಕೂತು ಭಾಷೆ ಕಲಿಯುವ ತರಗತಿಯಲ್ಲಿ ಅವಳಿಗೆ ಟೀಚರೂ ಸಿಗುತ್ತಿದ್ದರು, ಗೆಳತಿಯರೂ ಸಿಗುತ್ತಿದ್ದರು. ಕಷ್ಟ ಹೇಳಿಕೊಳ್ಳಲು ಒಂದು ಕಿವಿ ಸಿಗುತ್ತಿತ್ತು. ಪರೀಕ್ಷೆಯಾದರೆ ಗಂಡ ಮೊಬೈಲಿನಲ್ಲಿ ಮಾದರಿ ಪ್ರಶ್ನೆ ತೆರೆದುಕೊಡುತ್ತಾನೆ. ಅಡುಗೆಮನೆಯಲ್ಲೇ ಬಾಯಿಪಾಠ ಮುಗಿಯುತ್ತದೆ. 2013ರಲ್ಲಿ ತರಗತಿಯ ದಾರಿ ಮುಚ್ಚಿದ ಅದೇ ಪ್ರಧಾನಿ 2016ರ ಜನವರಿಯಲ್ಲಿ ಮುಸ್ಲಿಂ ಹೆಂಗಸರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಕಳವಳಪಟ್ಟು ಎರಡು ಕೋಟಿ ಪೌಂಡಿನ ಯೋಜನೆ ಘೋಷಿಸಿದರು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಇಂಥ ತರಗತಿಗಳ ಅನುದಾನವನ್ನು ಕಡಿತ ಮಾಡಿದ್ದೂ ಅವರ ಸರ್ಕಾರವೇ. ಕಲಿಸುವುದು ಒಂದು ಕೆಲಸ, ಸೋಸುವುದು ಇನ್ನೊಂದು. ಜರಡಿ ಹಿಡಿದು ನಿಂತವನು ತಾನು ಮೇಷ್ಟ್ರೆಂದು ಹೇಳಿಕೊಳ್ಳಬಾರದು.

ನಾಗರಿಕ ಜೀವನವೆಂದರೆ ಏನೆಂದು ತಿಳಿಯಲು ಕೈಪಿಡಿಯಾಚೆಗೆ ನೋಡಬೇಕು. ಭಾರತವೂ ಸೇರಿದಂತೆ ಕಾಮನ್‌ವೆಲ್ತ್ ದೇಶಗಳ ಜನ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸವಾಗಿದ್ದರೆ ಅಲ್ಲಿನ ಪೌರತ್ವವಿಲ್ಲದೆಯೂ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಬಹುದು. ಸಾಮ್ರಾಜ್ಯ ಬಿಟ್ಟುಹೋದ ಬಳುವಳಿಗಳಲ್ಲಿ ಇದೊಂದು ಒಳ್ಳೆಯದು. ಅಂದರೆ ಪರೀಕ್ಷೆ ಪಾಸಾಗುವುದಕ್ಕೆ ವರ್ಷಗಳ ಮುಂಚೆಯೇ ಮೈಸೂರಿನ ನರ್ಸೊಬ್ಬಳು ಅಲ್ಲಿನ ಸರ್ಕಾರವನ್ನು ಆರಿಸುವ ಕೆಲಸದಲ್ಲಿ ಪಾಲು ಪಡೆದಿರುತ್ತಾಳೆ. ಕಲಬುರಗಿ ಜಿಲ್ಲೆಯಿಂದ ಹೋದ ಡಾ. ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. ಅವರ ಪ್ರಯತ್ನದಿಂದ ಥೇಮ್ಸ್ ದಂಡೆಯಲ್ಲಿ, ಸಂಸತ್ ಭವನಕ್ಕೆ ಎದುರಾಗಿ, ಬಸವಣ್ಣನ ಪ್ರತಿಮೆ ನಿಂತಿತು. 2015ರ ನವೆಂಬರಿನಲ್ಲಿ ಅದರ ಅನಾವರಣವಾಯಿತು. ಸಮಿತಿ, ಅರ್ಜಿ, ನೆರೆಹೊರೆಯವರ ಒಪ್ಪಿಗೆ, ಬೈಠಕ್ಕು, ಮತ — ಒಬ್ಬ ಹೊರಗಿನವನು ಊರಿನವನಾಗುವುದು ಹೀಗೆ. ಇದನ್ನು ಇಪ್ಪತ್ನಾಲ್ಕು ಪ್ರಶ್ನೆಗಳಲ್ಲಿ ಅಳೆಯಲಾಗದು.

ಸಾಹಿತ್ಯದ ಭಾಗವನ್ನೂ ಇಷ್ಟರಲ್ಲೇ ನೋಡಿಬಿಡಬಹುದು. ರಡ್ಯಾರ್ಡ್ ಕಿಪ್ಲಿಂಗ್‌ಗೆ ವಿಶೇಷ ಜಾಗವಿದೆ. ಬುಕರ್ ಪ್ರಶಸ್ತಿಯ ಮಾತು ಬಂದಾಗ ಇಯಾನ್ ಮ್ಯಾಕ್‌ಯೂವನ್, ಹಿಲರಿ ಮ್ಯಾಂಟೆಲ್, ಜೂಲಿಯನ್ ಬಾರ್ನ್ಸ್ ಹೆಸರುಗಳನ್ನು ಉದಾಹರಿಸುತ್ತಾರೆ. ಒಳ್ಳೆಯ ಬರಹಗಾರರೇ. ಆದರೆ ಅದೇ ಪ್ರಶಸ್ತಿಯನ್ನು 1971ರಲ್ಲಿ ನೈಪಾಲ್, 1981ರಲ್ಲಿ ರಶ್ದಿ, 1989ರಲ್ಲಿ ಇಶಿಗುರೊ ಪಡೆದಿದ್ದರು. ಹೊರಗೆ ಹುಟ್ಟಿ ಬ್ರಿಟನ್ನಿಗೆ ಬಂದವರು 'ಹೊಸ ನಿವಾಸಿ'ಗಳಿಗಾಗಿ ಬರೆದ ಪುಸ್ತಕದಲ್ಲಿ ನೆನಪಾಗದಿರುವುದು ಅರ್ಥಪೂರ್ಣ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ, ಅಂತರರಾಷ್ಟ್ರೀಯ ಬುಕರ್ ಸಂದದ್ದು ಅದೇ ಲಂಡನ್ನಿನಲ್ಲಿ. ಹಾಸನದ ಕಡೆಯ ಮುಸ್ಲಿಂ ಹೆಣ್ಣುಮಕ್ಕಳ ಸಂಕಟಕ್ಕೆ ಕಿವಿಗೊಟ್ಟ ಬ್ರಿಟನ್ ಒಂದಿದೆ. ಅದು ಕೈಪಿಡಿಯ ಬ್ರಿಟನ್ನಿಗಿಂತ ದೊಡ್ಡದು.

ಈ ಪರೀಕ್ಷೆಯ ಬೇರು ತಿಳುವಳಿಕೆಯಲ್ಲಿಲ್ಲ, ಶಂಕೆಯಲ್ಲಿದೆ ಎಂಬುದಕ್ಕೆ ಇನ್ನಷ್ಟು ಹಳೆಯ ಸಾಕ್ಷಿಯಿದೆ. 1990ರಲ್ಲಿ ಕನ್ಸರ್ವೇಟಿವ್ ಮುಖಂಡ ನಾರ್ಮನ್ ಟೆಬಿಟ್ ಒಂದು ಸುಲಭ ಪರೀಕ್ಷೆ ಸೂಚಿಸಿದ್ದರು. ಏಷ್ಯಾ ಮೂಲದವರು ಕ್ರಿಕೆಟ್ಟಿನಲ್ಲಿ ಯಾವ ತಂಡಕ್ಕೆ ಜೈ ಅನ್ನುತ್ತಾರೆ ನೋಡಿ ಎಂದು. 'ಕ್ರಿಕೆಟ್ ಪರೀಕ್ಷೆ' ಎಂದೇ ಅದು ಕುಖ್ಯಾತವಾಯಿತು. ಅದನ್ನು ಓದಿದಾಗ ನಮ್ಮಲ್ಲಿ ಯಾರಿಗೆ ತಾನೆ ತಮ್ಮ ಶಾಲೆಯ ಮೈದಾನ, ಟಿವಿ ಅಂಗಡಿಯ ಮುಂದಿನ ಗುಂಪು ನೆನಪಾಗುವುದಿಲ್ಲ? ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2006ರಲ್ಲಿ ಮೂವತ್ತು ಪ್ರಶ್ನೆಗಳ ಒಂದು ಪಟ್ಟಿ ತಂದಿತು. ಅದನ್ನು ಪ್ರಧಾನವಾಗಿ ಮುಸ್ಲಿಂ ದೇಶಗಳಿಂದ ಬಂದ ಅರ್ಜಿದಾರರಿಗೆ ಕೇಳಬೇಕಾಗಿತ್ತು. ಪ್ರತಿಭಟನೆಗಳಾಗಿ 2011ರಲ್ಲಿ ಅದು ರದ್ದಾಯಿತು. ಬ್ರಿಟನ್ನಿನ ಪರೀಕ್ಷೆ ಹಾಗೆ ಧರ್ಮ ನೋಡಿ ಪ್ರಶ್ನೆ ಹಾಕುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಆಸ್ಟ್ರೇಲಿಯಾದವನಿಗೂ ಅಫ್ಘಾನಿಸ್ತಾನದವಳಿಗೂ ಪುಸ್ತಕ ಒಂದೇ. ಆದರೆ ಒಂದೇ ಪುಸ್ತಕ ಇಬ್ಬರಿಗೂ ಒಂದೇ ಆಗಿರುವುದಿಲ್ಲ. ಇಂಗ್ಲಿಷ್ ಮನೆಮಾತಾದವನಿಗೆ ಅದು ಒಂದು ವಾರದ ಓದು. ಶಾಲೆ ಕಾಣದೆ ಯುದ್ಧದಿಂದ ತಪ್ಪಿಸಿಕೊಂಡು ಬಂದವಳಿಗೆ ವರ್ಷಗಳ ಗೋಡೆ.

ನಮ್ಮ ದೇಶದ 1955ರ ಪೌರತ್ವ ಕಾಯ್ದೆಯಲ್ಲಿ ಸಹಜೀಕರಣದ ಮೂಲಕ ಪೌರತ್ವ ಕೋರುವವರಿಗೆ ಒಂದು ಷರತ್ತಿದೆ: ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಒಂದು ತಕ್ಕಮಟ್ಟಿಗೆ ಬರಬೇಕು. ಯಾವುದಾದರೂ ಒಂದು. ಕನ್ನಡ ಬಂದರೂ ಸಾಕು, ಉರ್ದು ಬಂದರೂ ಸಾಕು. ದೊರೆಗಳ ಪಟ್ಟಿ ಬೇಡ, ಯುದ್ಧಗಳ ಇಸವಿ ಬೇಡ. ನೆರೆಯವರೊಂದಿಗೆ ಮಾತಾಡಲು ಒಂದು ನುಡಿ ಇದ್ದರೆ ಉಳಿದದ್ದು ಬದುಕು ಕಲಿಸುತ್ತದೆಂಬ ನಂಬಿಕೆ ಆ ಷರತ್ತಿನ ಹಿಂದಿದೆ. ನಮ್ಮ ಹಿರಿಯರು ಆ ಮಟ್ಟಿಗೆ ಬ್ರಿಟಿಷರಿಗಿಂತ ಉದಾರಿಗಳಾಗಿದ್ದರು. ಅದೇ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದು ಮೂರು ನೆರೆದೇಶಗಳಿಂದ ಬಂದವರಲ್ಲಿ ಆರು ಧರ್ಮದವರಿಗೆ ದಾರಿ ಸುಲಭವಾಯಿತು, ಮುಸ್ಲಿಮರನ್ನು ಹೊರಗಿಡಲಾಯಿತು. ಅದೇ ವರ್ಷ ಆಗಸ್ಟ್ 31ರಂದು ಪ್ರಕಟವಾದ ಅಸ್ಸಾಮಿನ ಪೌರರ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರನ್ನು ಯಾರೂ ಇತಿಹಾಸದ ಪ್ರಶ್ನೆ ಕೇಳಲಿಲ್ಲ. ಕಾಗದ ಕೇಳಿದರು, ಅಜ್ಜನ ಹೆಸರಿನ ಕಾಗುಣಿತ ಕೇಳಿದರು. ಬ್ರಿಟನ್ನಿನ ಪುಸ್ತಕವನ್ನು ನಗುತ್ತಾ ಓದುವ ಹಕ್ಕು ನಮಗೆ ಪೂರ್ತಿ ಉಳಿದಿಲ್ಲ.

2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಬ್ರಿಟಿಷ್ ಸರ್ಕಾರ ಕಾಯಂ ವಾಸಕ್ಕೆ ಕಾಯಬೇಕಾದ ಅವಧಿಯನ್ನು ಸಾಮಾನ್ಯವಾಗಿ ಐದರಿಂದ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ಪರೀಕ್ಷೆಯನ್ನು ಸುಧಾರಿಸುವ ಮಾತನ್ನೂ ಆಡಿತು. ಸುಧಾರಿಸುವವರು ಇಸವಿಗಳನ್ನು ಹೆಚ್ಚು ಮಾಡುತ್ತಾರೋ ಕಡಿಮೆ ಮಾಡುತ್ತಾರೋ ಎಂಬುದು ದೊಡ್ಡ ವಿಷಯವಲ್ಲ. ಶೇಖ್ ದೀನ್ ಮುಹಮ್ಮದನ ಪುಟದಲ್ಲಿ ಅವನ ಪುಸ್ತಕದ ಹೆಸರು ಸೇರುತ್ತದೆಯೆ, ಆರ್ಕ್‌ರೈಟನ ಗಿರಣಿಗೂ ಓಲ್ಡ್‌ಹ್ಯಾಮಿನ ಬೀದಿಗೂ ನಡುವಿನ ದಾರ ಕೂಡುತ್ತದೆಯೆ, ಮುಚ್ಚಿದ ತರಗತಿಯ ಬಾಗಿಲು ತೆರೆಯುತ್ತದೆಯೆ ಎಂಬುದನ್ನು ನೋಡಬೇಕು. ಆ ಮೂರೂ ಆದ ಮೇಲೆ ಆ ಪುಸ್ತಕವನ್ನು ಅಲ್ಲಿ ಹುಟ್ಟಿದವರ ಕೈಗೂ ಒಂದೊಂದು ಪ್ರತಿ ಕೊಡಬೇಕು. ಪರೀಕ್ಷೆ ಬೇಡ, ಓದಿದರೆ ಸಾಕು.